ಧಾರವಾಡ ಜೋರಾಗಿ ಬರ್ತೈತಿ, ಶಾರ್ಟ್‌ವೇವ್ ಯಾಕ ಬರವಲ್ದು?

ಪ್ರಶ್ನೆ: "ನಮ್ಮ ಅಜ್ಜಾರ ಕಾಲದ ಐದು ವಾಲ್ವಿನ ರೇಡಿಯೋ ಐತ್ರಿ. ಹೋದ ತಿಂಗಳು ರಿಪೇರಿ ಮಾಡಿಸಿದಿವಿ. ಧಾರವಾಡ ಆಕಾಶವಾಣಿ ಮನಿ ತುಂಬ ಕೇಳಸ್ತೈತಿ. ಶಾರ್ಟ್‌ವೇವ್‌ಗೆ ತಿರುವಿದ್ರ ಬರೇ ಗೊರಗೊರ. ಎಲ್ಲೋ ಒಂದು ದನಿ ಸಣ್ಣಂಗ ಬಂದು ಮುಳಗತೈತಿ. ವಾಲ್ವ್ ಎಲ್ಲಾ ಬದಲಸಬೇಕೇನ್ರಿ?" (ಗದಗ-ಬೆಟಗೇರಿಯಿಂದ ಓದುಗರೊಬ್ಬರು)

ಬೇಡ್ರಿ. ವಾಲ್ವ್ ಅಂದರೆ ಸೆಟ್ಟಿನೊಳಗಿನ ಆ ಗಾಜಿನ ನಳಿಗೆಗಳು, ಸದ್ಯಕ್ಕೆ ಅದರಲ್ಲಿ ಒಂದನ್ನೂ ಮುಟ್ಟಬೇಡಿ. ನೀವು ಬರೆದ ಪ್ರಶ್ನೆಯಲ್ಲೇ ಅರ್ಧ ಉತ್ತರ ಕೂತಿದೆ: ಧಾರವಾಡ ಜೋರಾಗಿ ಬರುತ್ತದೆ ಎಂದಿರಿ. ಅದೇ ನಿಮ್ಮ ಮೊದಲ ಅಳತೆಗೋಲು.

ಧಾರವಾಡ ಬರುವ ಮೀಡಿಯಂ ವೇವ್ ಇರಲಿ, ಶಾರ್ಟ್‌ವೇವ್ ಇರಲಿ, ಒಳಗೆ ಬಂದ ಅಲೆಯನ್ನು ಸೆಟ್ಟಿನ ಮೊದಲ ವಾಲ್ವ್ ಒಂದೇ ಕಂಪನಾಂಕಕ್ಕೆ ಇಳಿಸುತ್ತದೆ. ಹೆಚ್ಚಿನ ಸೆಟ್ಟುಗಳಲ್ಲಿ ಅದು 455 ಕಿಲೋಹರ್ಟ್ಸ್ ಅಥವಾ ಅದರ ಆಸುಪಾಸು. ಅಲ್ಲಿಂದ ಸ್ಪೀಕರಿನವರೆಗೆ ಎರಡಕ್ಕೂ ದಾರಿ ಒಂದೇ. ಧಾರವಾಡ ಸ್ವಚ್ಛವಾಗಿ ಬಂದರೆ ಆ ದಾರಿ ತೆರೆದಿದೆ, ಪವರ್ ಸಪ್ಲೈ ನಿಂತಿದೆ, ಔಟ್‌ಪುಟ್ ವಾಲ್ವ್ ದುಡಿಯುತ್ತಿದೆ ಎಂದಾಯಿತು. ಆದರೂ ಇಲ್ಲೊಂದು ಮಾತು ಹೇಳಲೇಬೇಕು. 1950ರ ಜನವರಿ 8ರಂದು ಶುರುವಾದ ಧಾರವಾಡ ಕೇಂದ್ರ 765 ಕಿಲೋಹರ್ಟ್ಸ್‌ನಲ್ಲಿ 200 ಕಿಲೋವಾಟ್ ಶಕ್ತಿಯ ಕೇಂದ್ರ. ಗದಗಿನಷ್ಟು ಹತ್ತಿರದಲ್ಲಿ ಕುಂಟುವ ಸೆಟ್ಟೂ ಅದನ್ನು ಹಾಡಿಸುತ್ತದೆ. ಹಾಗಾಗಿ ಕತ್ತಲಾದ ಮೇಲೆ ಮೀಡಿಯಂ ವೇವ್‌ನಲ್ಲೇ ದೂರದವರನ್ನು ಹುಡುಕಿ: 612ರ ಬೆಂಗಳೂರು, 738ರ ಹೈದರಾಬಾದ್. ಅವೂ ಸಿಕ್ಕರೆ ಸೆಟ್ಟಿನ ಹಿಂದಿನ ಅರ್ಧವನ್ನು, ಅಂದರೆ ಆ ದಾರಿಯನ್ನು, ಮರೆತುಬಿಡಬಹುದು. ದೋಷ ಮುಂದಿನ ಅರ್ಧದಲ್ಲಿದೆ, ಇಲ್ಲವೇ ಮನೆಯ ಮಾಳಿಗೆಯ ಮೇಲಿದೆ.

ನೀವು ಯಾವ ಹೊತ್ತಿನಲ್ಲಿ ಯಾವ ಬ್ಯಾಂಡ್ ತಿರುವಿದಿರಿ ಎಂದು ಬರೆದಿಲ್ಲ. ಬಹಳ ಮಂದಿ ರವಿವಾರ ಮುಂಜಾನೆ ಹನ್ನೊಂದಕ್ಕೆ ಸೆಟ್ಟಿನ ಧೂಳು ಒರೆಸಿ, 49 ಮೀಟರಿನಲ್ಲಿ ಮುಳ್ಳು ಓಡಿಸಿ, ಏನೂ ಇಲ್ಲ ಎಂದು ಕೈಬಿಡುತ್ತಾರೆ. ಆ ಹೊತ್ತಿಗೆ ಅಲ್ಲಿ ಏನೂ ಇರುವುದೇ ಇಲ್ಲ. ಹಗಲು ಸೂರ್ಯನ ಬಿಸಿಲಿಗೆ ವಾತಾವರಣದ ಮೇಲ್ಪದರಗಳಲ್ಲಿ ಕೆಳಗಿನದೊಂದು ಪದರ ಬಲಿಯುತ್ತದೆ. ಅದು 41, 49 ಮೀಟರಿನ ಅಲೆಗಳನ್ನು ನುಂಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ, ದೂರದ ಅಲೆಗಳು ಇನ್ನೂ ಮೇಲಿನ ಪದರಕ್ಕೆ ಬಡಿದು ನಮ್ಮ ಕಡೆಗೆ ಬಾಗುತ್ತವೆ. ಅದಕ್ಕೇ ಹಗಲಿಗೆ 16, 19 ಮೀಟರ್, ಸಂಜೆಗೆ 25, 31, ರಾತ್ರಿಗೆ 41, 49. ಡಯಲಿನಲ್ಲಿ ಮೀಟರ್ ಮಾತ್ರ ಬರೆದಿದ್ದರೆ 300ನ್ನು ಅದರಿಂದ ಭಾಗಿಸಿ, ಮೆಗಾಹರ್ಟ್ಸ್ ಸಿಗುತ್ತದೆ. 31 ಮೀಟರ್ ಅಂದರೆ ಹೆಚ್ಚುಕಡಿಮೆ 9.7.

ಇನ್ನೊಂದು, ಹೇಳಲು ನೋವಾಗುವ ಮಾತು. ನಿಮ್ಮಜ್ಜ ಕೇಳುತ್ತಿದ್ದ ದನಿಗಳಲ್ಲಿ ಬಹಳಷ್ಟು ಈಗ ಗಾಳಿಯಲ್ಲೇ ಇಲ್ಲ. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ಕ್ಕೆ ನಿಂತಿತು. ಹಾಗಾಗಿ ಹಳೆಯ ನೆನಪಿನ ಜಾಗದಲ್ಲಿ ಹುಡುಕಿ ಸೆಟ್ಟನ್ನು ಬೈಯಬೇಡಿ. ಪರೀಕ್ಷೆಗೆ ನಾನು ಬಳಸುವುದು ಚೀನಾದ ಸಮಯ ಸಂಕೇತ. 10 ಮೆಗಾಹರ್ಟ್ಸ್‌ನಲ್ಲಿ, ಅಂದರೆ 25 ಮತ್ತು 31ರ ನಡುವೆ, ಸೆಕೆಂಡಿಗೊಮ್ಮೆ ಟಿಕ್ ಟಿಕ್ ಎನ್ನುತ್ತದೆ. ಸಂಜೆ ಏಳರ ಮೇಲೆ ಅಲ್ಲಿ ಕಿವಿಯಿಡಿ. ಅದರ ಆಚೀಚೆ ಚೀನಾ ರೇಡಿಯೋದ ಪ್ರಸಾರಗಳೂ ಸಿಗುತ್ತವೆ.

ಇನ್ನು ಆ ಗೊರಗೊರ. ಅಜ್ಜನ ಕಾಲದಲ್ಲಿ ಮನೆಯಲ್ಲಿ ಇದ್ದದ್ದು ನಾಲ್ಕು ದೀಪ. ಈಗ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು, ಟಿವಿ ಡಬ್ಬಿ, ಒಂದೊಂದೂ ಸಣ್ಣದೊಂದು ಟ್ರಾನ್ಸ್‌ಮಿಟರಿನಂತೆ ಗದ್ದಲ ಹಬ್ಬಿಸುತ್ತದೆ. ಬೆಟಗೇರಿಯಲ್ಲಿ ಪಕ್ಕದ ಮನೆಯ ಮಗ್ಗದ ಮೋಟಾರೂ ಸೇರಬಹುದು. ಬ್ಯಾಟರಿಯ ಸಣ್ಣ ಟ್ರಾನ್ಸಿಸ್ಟರ್ ಒಂದನ್ನು ಶಾರ್ಟ್‌ವೇವ್‌ಗೆ ಹಾಕಿಕೊಂಡು ಮನೆಯೆಲ್ಲ ಅಡ್ಡಾಡಿ. ಯಾವ ಗೋಡೆಯ ಹತ್ತಿರ ಚೀರುತ್ತದೋ ಅಲ್ಲಿದೆ ಕಳ್ಳ. ಓಣಿಯ ಕರೆಂಟ್ ಹೋದಾಗ ಅದೇ ಟ್ರಾನ್ಸಿಸ್ಟರ್ ಹಚ್ಚಿ ನೋಡಿ, ಬ್ಯಾಂಡ್ ಎಷ್ಟು ತಿಳಿಯಾಗುತ್ತದೆ ಎಂದು ಆಶ್ಚರ್ಯಪಡುತ್ತೀರಿ.

ಇನ್ನು ಏರಿಯಲ್. ನಾನು ನೋಡಿದ ಹತ್ತು "ವೀಕ್" ಸೆಟ್ಟುಗಳಲ್ಲಿ ಬಹುಪಾಲು ಇಲ್ಲೇ ವಾಸಿಯಾಗಿವೆ.

ಧಾರವಾಡದ ಮಾಳಮಡ್ಡಿಯಲ್ಲಿ ಒಂದು ಹಂಚಿನ ಮನೆಗೆ ಹೋಗಿದ್ದೆ. ಸೆಟ್ಟಿನ ಬೆನ್ನಿಗೆ ಗೇಣುದ್ದದ ವಾಯರು, ಅದರ ತುದಿ ಕಿಟಕಿಯ ಸರಳಿಗೆ ಸುತ್ತಿತ್ತು, ಸರಳಿಗೆ ಮೂರು ಪದರ ಬಣ್ಣ. ಧಾರವಾಡಕ್ಕೆ ಅಷ್ಟು ಸಾಕು, ಬೇರೆ ಯಾವುದಕ್ಕೂ ಸಾಲದು. ಅಟ್ಟದ ಮೇಲೆ ಹಳೆಯ ತಾಮ್ರದ ಜಾಲರಿ ಏರಿಯಲ್ ಮಡಚಿಟ್ಟಿದ್ದರು, ಪಿಂಗಾಣಿ ಬುಗುಡಿಗಳ (ಇನ್ಸುಲೇಟರ್) ಸಮೇತ. ಜಾಲರಿ ಹಸಿರು ಕಿಲುಬು ಹಿಡಿದು ಕೈಗೆ ಪುಡಿಯಾಯಿತು, ಬುಗುಡಿ ಮಾತ್ರ ಗಟ್ಟಿ. ಅವನ್ನೇ ಬಳಸಿ ಮಾಳಿಗೆಯಿಂದ ಹಿತ್ತಲಿನ ತೆಂಗಿನ ಮರಕ್ಕೆ ಹನ್ನೆರಡು ಮೀಟರ್ ತಾಮ್ರದ ವಾಯರು ಎಳೆದೆವು. ಇಳಿಸಿದ ತುದಿಯನ್ನು ಏರಿಯಲ್ ತೂತಿಗೆ ಸಿಕ್ಕಿಸಿದ ಕೂಡಲೇ ಸ್ಟೇಶನ್ ಎಷ್ಟು ಜೋರಾಗಿದೆ ಎಂದು ತೋರಿಸುವ ದೀಪದ ಕಣ್ಣು, ಮ್ಯಾಜಿಕ್ ಐನ, ಎರಡು ಹಸಿರು ರೆಕ್ಕೆಗಳ ನಡುವಿನ ಕಪ್ಪು ಸಂದು ಮೆಲ್ಲಗೆ ಕೂಡಿಕೊಂಡಿತು. ಮನೆಯ ಅಜ್ಜಿ ಬಾಗಿಲಲ್ಲಿ ನಿಂತಿದ್ದರು. "ಹಿಂಗ ಕಣ್ಣು ಕೂಡಿತು ಅಂದ್ರ ನಮ್ಮ ಮಾವನವರು, ಸುಮ್ನಿರ್ರಿ ಎಲ್ಲಾರೂ, ಬಾತ್ಮಿ ಬಂತು, ಅಂತಿದ್ರು" ಎಂದರು. ಆಮೇಲೆ ಬಹಳ ಹೊತ್ತು ಆ ಕಣ್ಣನ್ನೇ ನೋಡುತ್ತ ಕೂತರು.

ನಿಮಗೂ ಅಷ್ಟೇ ಹೇಳುವುದು. ಹತ್ತರಿಂದ ಹದಿನೈದು ಮೀಟರ್ ವಾಯರು, ಎರಡೂ ತುದಿಗೆ ಪಿಂಗಾಣಿ ಅಥವಾ ಪ್ಲಾಸ್ಟಿಕ್ಕಿನ ತಡೆ, ಮನೆಯೊಳಗಿನ ವೈರಿಂಗಿನಿಂದ ಆದಷ್ಟು ದೂರ. ಕರೆಂಟ್ ತಂತಿಯ ಮೇಲಾಗಲಿ ಕೆಳಗಾಗಲಿ ಖಂಡಿತ ಎಳೆಯಬೇಡಿ. ಅರ್ಥ್ ಕೊಟ್ಟರೆ ಗದ್ದಲ ಇನ್ನೂ ಇಳಿಯುತ್ತದೆ: ನೆಲದಲ್ಲಿ ಹೂತ ಪೈಪು, ಸುತ್ತ ಇದ್ದಿಲು ಉಪ್ಪು, ಬ್ಯಾಸಗಿಯಲ್ಲಿ ದಿನಾ ಒಂದು ಚರಿಗೆ ನೀರು. ಆದರೆ ಅದಕ್ಕೂ ಮೊದಲು ವಾಲ್ವಿನ ಮೇಲಿನ ಹೆಸರು ಓದಿ. ಇಸಿಎಚ್ 81 ಎಂದಿದ್ದರೆ ಸಾಮಾನ್ಯವಾಗಿ ಒಳಗೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಯುಸಿಎಚ್ 81, ಯುವೈ 85 ಹೀಗೆ 'ಯು'ದಿಂದ ಶುರುವಾದರೆ ಅದು ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಸೆಟ್, ಚಾಸಿಗೆ, ಅಂದರೆ ಬಿಡಿಭಾಗ ಕೂರಿಸಿದ ಲೋಹದ ತಟ್ಟೆಗೆ, ನೇರ ಮೇನ್ಸ್ ಕರೆಂಟ್ ತಾಗಿರುತ್ತದೆ. ಅಂಥ ಸೆಟ್ಟಿನ ಚಾಸಿಗೆ ಅರ್ಥ್ ಕಟ್ಟಿದರೆ ಜೀವಕ್ಕೇ ಕುತ್ತು. ಏರಿಯಲ್ ತೂತಿನ ಹಿಂದಿರುವ ಹಳೆಯ ಕಂಡೆನ್ಸರ್ (ಕೆಪಾಸಿಟರ್) ಸೋರುತ್ತಿದ್ದರೆ ಏರಿಯಲ್ ವಾಯರಿಗೂ ಕರೆಂಟ್ ಬರುತ್ತದೆ. ಮೊದಲು ಅದನ್ನು ಬದಲಿಸಿ, ಆಮೇಲೆ ವಾಯರು ಎಳೆಯಿರಿ.

ನಮ್ಮ ಕಡೆ ಏಪ್ರಿಲ್-ಮೇ ತಿಂಗಳ ಅಡ್ಡಮಳೆ ಗೊತ್ತಲ್ಲ, ಗುಡುಗು ಕೇಳುವ ಮೊದಲೇ ಏರಿಯಲ್ ಕಿತ್ತು ಹೊರಗೆ ಹಾಕಿ. ಹಾವೇರಿ ಕಡೆ ಒಂದೂರಿನಲ್ಲಿ ನಾನು ಒಂದು ಮೇ ಸಂಜೆ ಚಹಾಕ್ಕೆ ಎದ್ದು ಹೋಗಿ ಮರೆತೆ. ಸಿಡಿಲು ಮನೆಗೆ ಬೀಳಲಿಲ್ಲ, ಎಲ್ಲೋ ಹೊಲದಲ್ಲಿ ಬಿತ್ತು. ಸೆಟ್ಟು ಮೀಡಿಯಂ ವೇವ್‌ನಲ್ಲಿ ಮೊದಲಿನಂತೇ ಹಾಡುತ್ತಿತ್ತು, ಶಾರ್ಟ್‌ವೇವ್ ಸತ್ತಿತ್ತು. ಬಿಚ್ಚಿ ನೋಡಿದರೆ ಶಾರ್ಟ್‌ವೇವ್ ಏರಿಯಲ್ ಕಾಯಿಲಿನ ಕೂದಲಿನಂಥ ತಂತಿ ಒಂದೇ ಜಾಗದಲ್ಲಿ ಕಪ್ಪಾಗಿ ಕಡಿದಿತ್ತು. ನಿಮ್ಮ ಸೆಟ್ಟಿನಲ್ಲೂ ಇದನ್ನು ನೋಡಿಸಿ, ಲಕ್ಷಣ ನೀವು ಹೇಳಿದ್ದೇ ಇರುತ್ತದೆ. ಮಲ್ಟಿಮೀಟರಿನಲ್ಲಿ ಆ ಕಾಯಿಲು ಕೆಲವೇ ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಸುಟ್ಟಿದೆ.

ಇಷ್ಟಾದ ಮೇಲೂ ಬರದಿದ್ದರೆ ಮಾತ್ರ ಸೆಟ್ಟಿನ ಒಳಗೆ. ಪ್ಲಗ್ ಕಿತ್ತು ತುಸು ಹೊತ್ತು ಬಿಡಿ. ದೊಡ್ಡ ಕಂಡೆನ್ಸರಿನಲ್ಲಿ 250 ವೋಲ್ಟ್, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಉಳಿದಿರುತ್ತದೆ, ಅದನ್ನು ರೆಸಿಸ್ಟರ್ ಹಿಡಿದು ಇಳಿಸಬೇಕು. ಕೈ ಪಳಗದಿದ್ದರೆ ಇಲ್ಲಿಂದ ಮುಂದಿನದನ್ನು ರಿಪೇರಿಯವರಿಗೆ ಓದಿ ಹೇಳಿ.

ನನ್ನ ಕೈ ಮೊದಲು ಹೋಗುವುದು ಬ್ಯಾಂಡ್ ಸ್ವಿಚ್‌ಗೆ. ಬೆಳ್ಳಿ ಲೇಪದ ಅದರ ನಾಲಗೆಗಳು ವರ್ಷಗಟ್ಟಲೆ ಮೀಡಿಯಂ ವೇವ್‌ನಲ್ಲೇ ನಿಂತಿರುತ್ತವೆ, ಅಲ್ಲಿ ಉಜ್ಜಿ ಉಜ್ಜಿ ಹೊಳಪು. ಶಾರ್ಟ್‌ವೇವ್ ನಾಲಗೆ ಕಪ್ಪಗೆ ಮಸಿ. ಶಾರ್ಟ್‌ವೇವ್ ಕಾಯಿಲಿಗೆ ಸುತ್ತುಗಳೇ ಕಡಿಮೆ, ಒಳಗೆ ಬರುವ ಅಲೆಯೋ ಮೈಕ್ರೋವೋಲ್ಟ್ ಲೆಕ್ಕದ್ದು. ಆ ಮಸಿಯ ಅಲ್ಪ ತಡೆಯೂ ಅದಕ್ಕೆ ದೊಡ್ಡ ಗೋಡೆ. ಎರಡು ಹನಿ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಸ್ವಿಚ್ಚನ್ನು ಇಪ್ಪತ್ತು ಸಲ ಆಚೀಚೆ ತಿರುವಿ. ಸೀಮೆಎಣ್ಣೆ, ಕೊಬ್ಬರಿ ಎಣ್ಣೆ, ಮರಳು ಕಾಗದ ಯಾವುದೂ ಬೇಡ. ಸ್ಟೇಶನ್ ತಿರುವಿದಾಗ ತಿರುಗುವ ಗ್ಯಾಂಗ್ ಕಂಡೆನ್ಸರಿನ ದಂಡಕ್ಕೆ ಒತ್ತಿಕೊಂಡಿರುವ ಸ್ಪ್ರಿಂಗ್ ಪಟ್ಟಿಗೂ ಒಂದು ಹನಿ.

ಈಗ ವಾಲ್ವಿನ ಸರದಿ, ಅದೂ ಎಲ್ಲವೂ ಅಲ್ಲ, ಆ ಮೊದಲನೆಯದು ಒಂದೇ. ಇಸಿಎಚ್ 81ರ ಒಂದು ಅರ್ಧ ಸೆಟ್ಟಿನೊಳಗೇ ಕಂಪನ ಹುಟ್ಟಿಸುತ್ತದೆ. ಮುಪ್ಪಾದಾಗ ಅದು ಸೋಲುವುದು ಎತ್ತರದ ಕಂಪನದಲ್ಲಿ ಮೊದಲು: 16, 19 ಮೀಟರಿನ ತುದಿ ಪೂರ್ತಿ ಮೌನ, 41-49ರ ತುದಿಗೆ ಜೀವ. ಮನೆಯಲ್ಲೇ ಪರೀಕ್ಷಿಸಬಹುದು. ನಿಮ್ಮ ಸೆಟ್ಟನ್ನು 9.5 ಮೆಗಾಹರ್ಟ್ಸ್‌ಗೆ ಇಟ್ಟು, ಆ ಬ್ಯಾಟರಿ ಟ್ರಾನ್ಸಿಸ್ಟರನ್ನು ಪಕ್ಕದಲ್ಲಿಟ್ಟುಕೊಂಡು 9.955ರ ಸುತ್ತ (9.5ಕ್ಕೆ ಆ 455 ಕಿಲೋಹರ್ಟ್ಸ್ ಕೂಡಿಸಿದ ಜಾಗ) ತಿರುವಿ. ಸುಯ್ ಎನ್ನುವ ಸಪ್ಪಳ ಒಂದು ಕಡೆ ಥಟ್ಟನೆ ಅಡಗಿದರೆ ವಾಲ್ವ್ ದುಡಿಯುತ್ತಿದೆ. ಡಯಲಿನ ಉದ್ದಕ್ಕೂ ಹೀಗೆ ಬೆನ್ನಟ್ಟಿ ಹೋಗಿ, ಎಲ್ಲಿ ಕೈಬಿಡುತ್ತದೆ ಎಂದು ಗುರುತು ಮಾಡಿ. ಬದಲಿ ಬೇಕಾದರೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) 1961ರಿಂದ ವಾಲ್ವ್ ತಯಾರಿಸಿತ್ತು, ಬಳಸದೆ ಉಳಿದ ಡಬ್ಬಿಗಳು ಹಳೇ ಸಾಮಾನಿನವರ ಹತ್ತಿರ ಈಗಲೂ ಸಿಗುತ್ತವೆ. ಮನೆಯ ವೋಲ್ಟೇಜೂ ನೋಡಿ. ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಕುಸಿದು, ಸೆಟ್ಟಿನ ಹಿಂದಿರುವ, ಮೇನ್ಸ್ ವೋಲ್ಟೇಜ್ ಆರಿಸುವ ಕೊಂಡಿ 245ಕ್ಕೆ ಸಿಕ್ಕಿಸಿದ್ದರೆ ಒಳ್ಳೆಯ ವಾಲ್ವೂ ಸೋಲುತ್ತದೆ.

ಮೇಣದ ಕಾಗದದ ಕಂಡೆನ್ಸರ್‌ಗಳು ಇನ್ನೂ ಉಳಿದಿದ್ದರೆ ಎಲ್ಲವನ್ನೂ 630 ವೋಲ್ಟಿನ ಪಾಲಿಯೆಸ್ಟರ್‌ಗೆ ಬದಲಿಸಿಬಿಡಿ. ಅವು ಸೋರುತ್ತವೆ, ವಾಲ್ವಿಗೆ ಬೇಕಾದ ಸ್ಕ್ರೀನ್ ವೋಲ್ಟೇಜ್ ಇಳಿಸುತ್ತವೆ, ಅದರಲ್ಲಿ ಚರ್ಚೆ ಇಲ್ಲ.

ಕೊನೆಗೆ ಕೈಮುಗಿದು ಕೇಳುವುದು: ಅಲ್ಯೂಮಿನಿಯಂ ಡಬ್ಬಿಗಳ ಮೇಲಿನ ಸ್ಕ್ರೂ, ಕಾಯಿಲಿನೊಳಗಿನ ಕೋರು, ಟ್ರಿಮ್ಮರು, ಇವನ್ನು ಸಡಿಲಾಗಿವೆ ಎಂದು ಯಾರೂ ಬಿಗಿ ಮಾಡದಿರಲಿ. ಅವು ಅಳತೆ ಮಾಡಿ ನಿಲ್ಲಿಸಿದ ಜಾಗ. ಸಿಗ್ನಲ್ ಜನರೇಟರ್ ಇಲ್ಲದೆ ತಿರುವಿದರೆ ಧಾರವಾಡವೂ ಹೋದೀತು. ರಿಪೇರಿಯಲ್ಲಿ ಯಾರಾದರೂ ತಿರುವಿದ್ದಾರೆಯೇ ಎಂದು ಟಾರ್ಚ್ ಹಿಡಿದು ನೋಡಿ: ಕೋರಿನ ಮೇಲಿನ ಹಳೆಯ ಮೇಣ ಒಡೆದಿದ್ದರೆ ತಿರುವಿದ್ದಾರೆ.

ಏರಿಯಲ್ ಕಟ್ಟಿ ಎರಡು ದಿನ ಕೇಳಿ, 16ನ್ನು ಹಗಲಿಗೆ, 49ನ್ನು ರಾತ್ರಿಗೆ. 49ರ ತುದಿ ಬಂದು 16ರ ತುದಿ ಬರಲಿಲ್ಲವೋ, ಎರಡೂ ಬರಲಿಲ್ಲವೋ, ವಾಲ್ವಿನ ಹೆಸರು 'ಇ'ಯೋ 'ಯು'ವೋ, ಇಷ್ಟನ್ನು ಬರೆದು ತಿಳಿಸಿ. ಮುಂದೆ ಯಾವ ಕಡೆ ಹುಡುಕಬೇಕು ಎಂದು ಅಲ್ಲಿಂದ ಹೇಳುತ್ತೇನೆ.