ಬ್ಲೇಕನ ಹುಲಿ ಕೆಟ್ಟದ್ದೇ?

ಪ್ರಶ್ನೆ: ಇಂಗ್ಲಿಷ್ ಕವಿ ವಿಲಿಯಂ ಬ್ಲೇಕನ ‘ದಿ ಟೈಗರ್’ ಪದ್ಯದಲ್ಲಿ ಕುರಿಮರಿ ಒಳ್ಳೆಯದರ ಸಂಕೇತ, ಹುಲಿ ಕೆಟ್ಟದ್ದರ ಸಂಕೇತ ಅಂತ ಓದಿದ್ದೇನೆ. ಇದು ಸರಿಯಾ?

ನನಗೆ ಸರಿ ಅನ್ನಿಸುವುದಿಲ್ಲ. ಪದ್ಯವನ್ನು ಇನ್ನೊಂದು ಸಲ ಓದಿ, ಹುಲಿ ಏನು ಮಾಡುತ್ತದೆ ಅಂತಷ್ಟೇ ಗಮನಿಸಿ. ಏನೂ ಮಾಡುವುದಿಲ್ಲ. ಬೇಟೆಯಿಲ್ಲ, ರಕ್ತವಿಲ್ಲ, ಘರ್ಜನೆಯೂ ಇಲ್ಲ. ಇರುಳಿನ ಕಾಡುಗಳಲ್ಲಿ ಬೆಂಕಿಯ ಹಾಗೆ ಹೊಳೆಯುತ್ತದೆ, ಅಷ್ಟೇ.

ಈ 24 ಸಾಲುಗಳಲ್ಲಿ ಬೆವರು ಸುರಿಸುವವನು ಬೇರೊಬ್ಬ. ಅವನ ಹೆಸರು ಪದ್ಯದಲ್ಲಿಲ್ಲ. ಅವನ ಕೈ ಕಾಣುತ್ತದೆ, ಹೆಗಲು ಕಾಣುತ್ತದೆ. ಸುತ್ತಿಗೆ, ಸರಪಳಿ, ಕುಲುಮೆ, ಕಬ್ಬಿಣ ಬಡಿಯುವ ಅಡಿಗಲ್ಲು ಎಲ್ಲ ಇವೆ. ಹುಲಿಯ ಹೃದಯದ ನರಗಳನ್ನು ಅವನು ಹಗ್ಗ ಹೊಸೆದ ಹಾಗೆ ಹೊಸೆಯುತ್ತಾನೆ. ದೇವರನ್ನು ಕಮ್ಮಾರನನ್ನಾಗಿ ಕಂಡ ಪದ್ಯ ಇದು. ಬ್ಲೇಕ್ ಕೂಡ ಕೈಕಸುಬಿನವನೇ ಅಲ್ವಾ? 14ನೇ ವಯಸ್ಸಿಗೇ ಲಂಡನ್ನಿನಲ್ಲಿ ಲೋಹದ ಮೇಲೆ ಚಿತ್ರ ಕೊರೆಯುವ ಕೆಲಸ ಕಲಿಯಲು ಸೇರಿದ. ಮುಂದೆ ತನ್ನ ಪದ್ಯ, ಚಿತ್ರ ಎರಡನ್ನೂ ತಾಮ್ರದ ತಗಡಿನ ಮೇಲೆ ತಾನೇ ಬರೆದು, ಉಳಿದ ಭಾಗವನ್ನು ಆಸಿಡ್‌ನಲ್ಲಿ ಕರಗಿಸಿ ಅಚ್ಚು ಹಾಕುತ್ತಿದ್ದ. ಸುಡುವ ವಸ್ತುವಿನಿಂದ ಚೆಲುವನ್ನು ತೆಗೆಯುವುದು ಅವನ ದಿನದ ದುಡಿಮೆಯಾಗಿತ್ತು. ಆ ಕುಲುಮೆ ಸುಮ್ನೆ ಬಂದದ್ದಲ್ಲ.

ಕುರಿಮರಿಯ ಮೇಲೆ ಬ್ಲೇಕ್ ‘ದಿ ಲ್ಯಾಂಬ್’ ಅಂತ ಬೇರೆಯೇ ಒಂದು ಪದ್ಯ ಬರೆದಿದ್ದ. ಅದು ಬಂದದ್ದು 1789ರ ಸಂಕಲನದಲ್ಲಿ, ಹುಲಿಯದು 1794ರಲ್ಲಿ. ಮೊದಲನೆಯದರಲ್ಲಿ ಮಗುವೊಂದು ಕುರಿಮರಿಯನ್ನು ‘ನಿನ್ನನ್ನು ಮಾಡಿದವರು ಯಾರು ಗೊತ್ತಾ?’ ಅಂತ ಕೇಳಿ, ತಾನೇ ಉತ್ತರ ಹೇಳುತ್ತದೆ. ಎರಡನೆಯದರಲ್ಲಿ ಬರೀ ಪ್ರಶ್ನೆಗಳು. ಅವುಗಳಲ್ಲಿ ನನ್ನನ್ನು ಜಾಸ್ತಿ ಕಾಡುವುದು ಐದನೇ ಪದ್ಯಭಾಗ. ನಕ್ಷತ್ರಗಳು ಈಟಿಗಳನ್ನು ಎಸೆದು ಅಳುತ್ತವೆ. ಆಗ, ತಾನು ಮಾಡಿದ್ದನ್ನು ನೋಡಿ ಅವನು ಮುಗುಳ್ನಕ್ಕನೇ? ಕುರಿಮರಿಯನ್ನು ಮಾಡಿದವನೇ ನಿನ್ನನ್ನೂ ಮಾಡಿದನೇ?

ಹುಲಿಗೆ ಕೆಟ್ಟದ್ದು ಅಂತ ಹಣೆಪಟ್ಟಿ ಹಚ್ಚಿದರೆ ಈ ಪ್ರಶ್ನೆಯ ಉಸಿರೇ ನಿಲ್ಲುತ್ತದೆ. ನಮ್ಮ ಪುಣ್ಯಕೋಟಿಯ ಹಾಡಿನಲ್ಲಿ ಹುಲಿ ತನ್ನ ತಪ್ಪು ತಿಳಿದು ಪ್ರಾಣ ಬಿಡುತ್ತದೆ. ಅಲ್ಲಿ ಸತ್ಯ ಗೆಲ್ಲುತ್ತದೆ, ಕೇಳಿದವರ ಮನಸ್ಸು ತಿಳಿಯಾಗುತ್ತದೆ. ಬ್ಲೇಕನ ಹುಲಿ ಯಾವ ತಪ್ಪನ್ನೂ ಒಪ್ಪುವುದಿಲ್ಲ, ಸಾಯುವುದೂ ಇಲ್ಲ. ಭಯ ಹುಟ್ಟಿಸುತ್ತಲೇ ಕಣ್ಣು ಕೀಳಲಾಗದಷ್ಟು ಚೆಂದವಾಗಿರುತ್ತದೆ. ಅದರ ಮೈಯ ಅಳತೆಗೆ ಬ್ಲೇಕ್ ಕೊಟ್ಟ ಹೆಸರೇ ‘ಭಯಂಕರವಾದ ಸಮತೂಕ’.

ಆ ಬೆಂಕಿಯಲ್ಲಿ ಫ್ರಾನ್ಸಿನ ಕ್ರಾಂತಿಯನ್ನು ಕಂಡವರಿದ್ದಾರೆ. ಕಾಲ ನೋಡಿದರೆ ಅದೂ ಹೊಂದುತ್ತದೆ. ಆದರೆ ಅದೊಂದೇ ಅರ್ಥ ಅಂದರೆ ಪದ್ಯ ಸಣ್ಣದಾಗುತ್ತದೆ.

ಇನ್ನು ಕೊನೆಯ ನಾಲ್ಕು ಸಾಲು. ಅವು ಮೊದಲ ನಾಲ್ಕು ಸಾಲುಗಳೇ. ಬದಲಾಗಿರುವುದು ಒಂದು ಪದ, ‘ಕುಡ್’ ಇದ್ದಲ್ಲಿ ‘ಡೇರ್’ ಬಂದಿದೆ. ಮೊದಲು ಕೇಳಿದ್ದು, ನಿನ್ನನ್ನು ರೂಪಿಸಲು ಯಾವ ಕೈಗೆ ಸಾಧ್ಯ ಅಂತ. ಕುಲುಮೆಯ ಬಿಸಿ ತಾಗಿ ಬಂದ ಮೇಲೆ ಕೇಳುವುದು, ಯಾವ ಕೈಗೆ ಅಷ್ಟು ಎದೆಗಾರಿಕೆ ಅಂತ. ಹುಲಿ ನಿಂತಲ್ಲೇ ನಿಂತಿದೆ. ಪ್ರಶ್ನೆ ಅದನ್ನು ದಾಟಿ, ಅದನ್ನು ಮಾಡಿದವನ ಮುಂದೆ ಹೋಗಿ ನಿಂತಿದೆ.