ಗೋಪುರ ಎಲ್ಲಿಗೂ ಹೋಗಲ್ಲ, ಮೊದ್ಲು ಅವ್ಳ ಮುಖ ನೋಡಿ

ವಾಟ್ಸಾಪಲ್ಲಿ ನಂಗೆ ಬರೋ ಮೆಸೇಜು ಹೆಚ್ಚುಕಮ್ಮಿ ಎಲ್ಲಾ ಒಂದೇ ಥರ. "ಬ್ರೋ, ಹಂಪಿಲಿ ಪ್ರಪೋಸ್ ಮಾಡ್ಬೇಕು, ಅವ್ಳಿಗೆ ಗೊತ್ತಾಗ್ಬಾರ್ದು, ಹಿಂದೆ ವಿರೂಪಾಕ್ಷ ದೇವಸ್ಥಾನದ ಗೋಪುರ ಬರ್ಬೇಕು, ಡ್ರೋನ್ ಇದ್ಯಾ?" ನಾನು ಹೊಸಪೇಟೆಯವ್ನು, ಮದುವೆ ಫೋಟೋ ನನ್ನ ಹೊಟ್ಟೆಪಾಡು, ಆರೇಳು ವರ್ಷದಿಂದ ಈ ಸರ್ಪ್ರೈಸ್ ಪ್ರಪೋಸಲ್ ಶೂಟುಗಳೂ ಅದ್ರ ಜೊತೆ ಸೇರ್ಕೊಂಡಿವೆ. ಹುಡುಗ್ರು ಗೋಪುರ ಕೇಳ್ತಾರೆ, ಸನ್‌ಸೆಟ್ ಕೇಳ್ತಾರೆ, ಹೂವಿನ ಎಸಳು ಎಷ್ಟು ಕೆಜಿ ಬೇಕು ಅಂತಾನೂ ಕೇಳ್ತಾರೆ, ಆ ಹುಡ್ಗಿ ಎಲ್ಲಿ ನಿಂತಿರ್ಬೇಕು ಅಂತ ಮಾತ್ರ ಇಲ್ಲಿವರ್ಗೂ ಒಬ್ನೂ ಕೇಳಿಲ್ಲ.

ಅದಕ್ಕೆ ಮೊದ್ಲು ನಾನೇ ಒಂದು ಪ್ರಶ್ನೆ ಕೇಳ್ತೀನಿ. "ಮದುವೆ ವಿಷ್ಯ ನೀವಿಬ್ರೂ ಕೂತು ಮಾತಾಡಿದೀರಾ?" ಕೆಲವ್ರಿಗೆ ಸಿಟ್ಟು ಬರುತ್ತೆ, ಇವ್ನಿಗ್ಯಾಕೆ ಬೇಕು ಇದೆಲ್ಲ ಅಂತ. ಬೇಕು. ಯಾಕಂದ್ರೆ ಒಂದ್ಸಲ ಕೇಳ್ದೆ ಹೋಗಿದ್ದೆ. ಹುಡುಗ ಮಂಡಿಯೂರಿದ, ಸುತ್ತಲಿದ್ದ ಜನ ಎಲ್ಲಾ ಮೊಬೈಲ್ ಎತ್ಕೊಂಡ್ರು, ಯಾರೋ ಸಿಳ್ಳೆ ಹೊಡೆದ್ರು, ಆ ಹುಡ್ಗಿ ಒಂದು ನಗು ತಂದ್ಕೊಂಡು ರಿಂಗ್ ಹಾಕಿಸ್ಕೊಂಡ್ಳು. ಲೆನ್ಸಲ್ಲಿ ನೋಡ್ತಿದ್ದ ನಂಗೆ ಅವ್ಳ ಬಾಯಿ ನಗ್ತಿರೋದೂ ಕಾಣ್ತಿತ್ತು, ಕಣ್ಣು ದಾರಿ ಹುಡುಕ್ತಿರೋದೂ ಕಾಣ್ತಿತ್ತು. ಕೆಳಗೆ ಇಳಿದ್ಮೇಲೆ ರಿಂಗ್ ವಾಪಸ್ ಕೊಟ್ಳಂತೆ. ಆ ಫೋಟೋಗಳನ್ನ ಯಾರೂ ಕೇಳ್ಲಿಲ್ಲ, ನಾನೂ ಕಳಿಸ್ಲಿಲ್ಲ. ಅವತ್ತಿಂದ ಇಬ್ರೂ ಮಾತಾಡಿ ಆಗಿದೆ, ದಿನ ಮತ್ತು ಜಾಗ ಮಾತ್ರ ಗುಟ್ಟು ಅನ್ನೋರಿಗಷ್ಟೇ ಡೇಟ್ ಕೊಡ್ತೀನಿ.

ನಮ್ಮ ಕಡೆ ಇನ್ನೊಂದು ಮಜಾ ಇದೆ, ಜಾತಕ ಕೂಡಿ ಬಂದು, ಎರಡೂ ಮನೆಯವ್ರು ಒಪ್ಪಿ, ಛತ್ರಕ್ಕೆ ಅಡ್ವಾನ್ಸ್ ಕೊಟ್ಟಾದ್ಮೇಲೆ ಹುಡುಗ ಬಂದು "ಬ್ರೋ, ಪ್ರಪೋಸ್ ಮಾಡ್ಬೇಕು" ಅಂತಾನೆ. ಫ್ರೆಂಡ್ಸ್ ಎಲ್ಲಾ ರೇಗಿಸ್ತಾರೆ. ನಂಗೆ ಅದ್ರಲ್ಲಿ ತಪ್ಪೇನೂ ಕಾಣಲ್ಲ, ಅಪ್ಪ ಅಮ್ಮ ಕೇಳಿದ್ದು ಬೇರೆ, ಅವ್ನೇ ಬಾಯ್ಬಿಟ್ಟು ಕೇಳೋದು ಬೇರೆ, ಮತ್ತೆ ಇಂಥ ಶೂಟಲ್ಲೇ ಹುಡ್ಗಿಯರು ಜಾಸ್ತಿ ಅಳೋದನ್ನ ನಾನು ನೋಡಿರೋದು.

ಜಾಗದ ವಿಷ್ಯಕ್ಕೆ ಬರೋಣ. ಎಲ್ರಿಗೂ ಮಾತಂಗ ಬೆಟ್ಟದ ಸೂರ್ಯೋದಯ ಬೇಕು. ಮೇಲಿಂದ ಅಚ್ಯುತರಾಯ ದೇವಸ್ಥಾನ ಕಾಣೋ ಆ ನೋಟಕ್ಕೆ ಸಾಟಿ ಇಲ್ಲ, ಒಪ್ತೀನಿ. ಆದ್ರೆ ಕತ್ತಲಲ್ಲಿ ಎದ್ದು, ಟಾರ್ಚ್ ಹಿಡ್ಕೊಂಡು, ಕಡಿದಾದ ಮೆಟ್ಲು ಹತ್ತಿ ಏದುಸಿರು ಬಿಡ್ತಾ ನಿಂತಿರೋ ಹುಡ್ಗಿಗೆ ಆ ಕ್ಷಣದಲ್ಲಿ ಬೇಕಾಗಿರೋದು ನೀರಿನ ಬಾಟಲ್ಲು, ರಿಂಗಲ್ಲ. ಟ್ರೆಕ್ಕಿಂಗ್ ಅಭ್ಯಾಸ ಇರೋ ಜೋಡಿ ಆದ್ರೆ ಸರಿ, ಇಲ್ಲಾಂದ್ರೆ ನಾನು ಹೇಮಕೂಟಕ್ಕೇ ಕರ್ಕೊಂಡು ಬನ್ನಿ ಅಂತೀನಿ. ವಿರೂಪಾಕ್ಷ ದೇವಸ್ಥಾನದ ಪಕ್ಕಕ್ಕೇ ಇರೋ ಬಂಡೆಗುಡ್ಡ, ಆರಾಮಾಗಿ ಹತ್ತಬಹುದು, ಮೇಲೆ ಮೆಟ್ಲುಮೆಟ್ಲಾದ ಶಿಖರ ಇರೋ ಪುಟ್ಟ ಪುಟ್ಟ ಹಳೇ ಗುಡಿಗಳಿವೆ, ಸಂಜೆ ಎಲ್ರೂ ಸೂರ್ಯ ಮುಳುಗೋದು ನೋಡೋಕೆ ಬಂದೇ ಬರ್ತಾರೆ, ಹಂಗಾಗಿ "ಬಾ, ಸನ್‌ಸೆಟ್ ನೋಡೋಣ" ಅಂದ್ರೆ ಡೌಟೂ ಬರಲ್ಲ.

ಹೇಮಕೂಟಕ್ಕೆ ಇನ್ನೊಂದು ಕಾರಣಾನೂ ಇದೆ. ಪಂಪೆ, ಅಂದ್ರೆ ಪಾರ್ವತಿ, ಶಿವನಿಗಾಗಿ ತಪಸ್ಸು ಮಾಡಿದ್ದು, ಮನ್ಮಥ ಬಾಣ ಬಿಟ್ಟು ಸುಟ್ಟುಹೋಗಿದ್ದು, ಕೊನೆಗೆ ಶಿವ ಒಪ್ಪಿದಾಗ ಬಂಗಾರದ ಮಳೆ ಸುರಿದದ್ದು ಇದೇ ಗುಡ್ಡದ ಮೇಲೆ ಅಂತ ನಮ್ಮೂರ ಕಡೆ ಕಥೆ. ಪ್ರತಿ ವರ್ಷ ಡಿಸೆಂಬರ್ ಆಸುಪಾಸಲ್ಲಿ ವಿರೂಪಾಕ್ಷ, ಪಂಪಾಂಬಿಕೆಯರಿಗೆ ಫಲಪೂಜೆ ನಡೆಯುತ್ತೆ, ಅಂದ್ರೆ ನಿಶ್ಚಿತಾರ್ಥ, ಆಮೇಲೆ ಚೈತ್ರದಲ್ಲಿ ಕಲ್ಯಾಣ. ದೇವ್ರಿಗೇ ಇಲ್ಲಿ ವರ್ಷವರ್ಷ ಎಂಗೇಜ್ಮೆಂಟ್ ಆಗುತ್ತೆ ಅಂದ್ಮೇಲೆ ಬೇರೆ ಜಾಗ ಯಾಕೆ ಹುಡುಕ್ಬೇಕು ಹೇಳಿ. ಕಥೇಲಿ ಹಿಂದೆ ಬಿದ್ದಿದ್ದು ಹುಡ್ಗಿನೇ ಅನ್ನೋದೂ ನೆನಪಿರ್ಲಿ.

ಈಗ ಬೆಳಕು. ಹೇಮಕೂಟದಿಂದ ದೊಡ್ಡ ಗೋಪುರ ಈಶಾನ್ಯದ ಕಡೆ ಬೀಳುತ್ತೆ, ಸುಮಾರು 50 ಮೀಟರ್ ಎತ್ತರ. ಗೋಪುರ ಹಿಂದೆ ಬರ್ಬೇಕಂದ್ರೆ ನಾನು ಜೋಡಿಯ ನೈಋತ್ಯಕ್ಕೆ ನಿಲ್ಲಬೇಕು. ಡಿಸೆಂಬರಲ್ಲಿ ಸೂರ್ಯ ಮುಳುಗೋದೂ ನೈಋತ್ಯಕ್ಕೆ ವಾಲಿ, ಆರು ಗಂಟೆ ಹೊತ್ತಿಗೆ, ಅಂದ್ರೆ ಬೆಳಕು ನನ್ನ ಬೆನ್ನ ಹಿಂದಿಂದ ಬಂದು ಅವ್ರ ಮೇಲೂ ಗೋಪುರದ ಮೇಲೂ ಒಟ್ಟಿಗೆ ಬೀಳುತ್ತೆ, ಎರಡೂ ಅರಿಶಿನ ಹಚ್ಚಿದಂಗೆ ಕಾಣುತ್ತೆ. ಮೇ, ಜೂನ್ ಆದ್ರೆ ಸೂರ್ಯ ವಾಯವ್ಯದ ಕಡೆ ಸರಿದು ಏಳರ ಹತ್ತಿರ ಮುಳುಗ್ತಾನೆ, ಬೆಳಕು ಎಡಗಡೆಯಿಂದ ಬರುತ್ತೆ, ಒಂದು ಕೆನ್ನೆ ಮಾತ್ರ ಹೊಳೆಯುತ್ತೆ. ಅದೂ ಚೆನ್ನಾಗೇ ಇರುತ್ತೆ, ಆದ್ರೆ ಹಗಲೆಲ್ಲಾ ಬಿಸಿಲಿಗೆ ಕಾದ ಬಂಡೆ ಸಂಜೆನೂ ಹೆಂಚಿನಂಗೆ ಇರುತ್ತೆ, ಅದ್ರ ಮೇಲೆ ಮಂಡಿಯೂರೋನ ಮುಖ ಒಂದ್ಸಲ ನೋಡಿ.

ಇದೇ ಬೆಳಕು ನಂಗೆ ಒಂದ್ಸಲ ಕೈ ಕೊಟ್ಟಿದೆ, ತಪ್ಪು ಪೂರ್ತಿ ನನ್ದೇ. ಸೂರ್ಯ ಮುಳುಗೋಕೆ ಇಪ್ಪತ್ತು ನಿಮಿಷ ಇರುವಾಗ ಒಬ್ಬ ಮನುಷ್ಯನ ನೆರಳು 20 ಮೀಟರಿಗೂ ಜಾಸ್ತಿ ಉದ್ದ ಚಾಚುತ್ತೆ. ನಾನು ಬಂಡೆ ಮೇಲೆ ನಿಂತು ಕ್ಯಾಮೆರಾ ಎತ್ತಿದ್ದೇ ತಡ, ಎರಡು ಮೊಣಕೈ ಅಗಲಿಸಿ ಲೆನ್ಸ್ ಹಿಡಿದಿರೋ ಆಕಾರ ನೆಟ್ಟಗೆ ಹೋಗಿ ಆ ಹುಡ್ಗಿ ಚಪ್ಪಲಿ ಮುಂದೆ ಬಿತ್ತು. ಅವ್ಳು ನೆರಳು ನೋಡಿದ್ಳು, ತಿರುಗಿ ನನ್ನ ನೋಡಿದ್ಳು, ಆಮೇಲೆ ಅವ್ನ ಕಡೆ ನೋಡಿ "ಏನೋ ಇದು?" ಅಂದ್ಳು. ಅವ್ನಿನ್ನೂ ಜೇಬಿಗೆ ಕೈ ಹಾಕಿರ್ಲಿಲ್ಲ. ಈಗ ಗುಡಿಯ ಕಂಬದ ಪಕ್ಕ ಕೂತೇ ತೆಗಿತೀನಿ, ಕಂಬದ ನೆರಳಲ್ಲಿ ನನ್ನ ನೆರಳು ಕರಗಿಹೋಗುತ್ತೆ. 70-200 ಜೂಮ್ ಲೆನ್ಸ್ ಇದ್ರೆ 25-30 ಮೀಟರ್ ದೂರದಿಂದ್ಲೂ ಕೆಲ್ಸ ಆಗುತ್ತೆ, ಹತ್ರ ಹೋಗೋ ಅವಶ್ಯಕತೆನೇ ಇಲ್ಲ.

ನಿಲ್ಲೋ ವಿಷ್ಯ ಇದೆಯಲ್ಲ, ಇದನ್ನ ಹುಡುಗ್ರಿಗೆ ಹಿಂದಿನ ದಿನಾನೇ ಫೋನಲ್ಲಿ ಹೇಳಿ, ಸಾಧ್ಯ ಆದ್ರೆ ರೂಮಲ್ಲೊಂದು ದಿಂಬು ಎದುರಿಗಿಟ್ಕೊಂಡು ಪ್ರಾಕ್ಟೀಸ್ ಮಾಡಿ ಅಂತೀನಿ. ನಗ್ತಾರೆ, ಆದ್ರೆ ಮಾಡ್ತಾರೆ. ಬಿಟ್ರೆ ಎಲ್ರೂ ಮಾಡೋದು ಒಂದೇ, ಗೋಪುರ ಚೆನ್ನಾಗಿದೆ ಅಂತ ಅವ್ಳನ್ನ ಗೋಪುರದ ಕಡೆ ಮುಖ ಮಾಡಿಸಿ ನಿಲ್ಲಿಸ್ತಾರೆ, ತಾವು ಎದುರಿಗೆ ಹೋಗಿ ಕೂರ್ತಾರೆ. ನಂಗೆ ಸಿಗೋದು ಗೋಪುರ, ಅವ್ಳ ಜಡೆ, ಮತ್ತೆ ಇವ್ನ ಹಲ್ಲು. ಇಬ್ರೂ ನನ್ನ ಕಡೆಗೆ ಅಡ್ಡ ನಿಲ್ಲಬೇಕು, ಒಬ್ರಿಗೊಬ್ರು ಎದುರಾಗಿ, ಆಮೇಲೆ ಅವ್ನು ಅರ್ಧ ಹೆಜ್ಜೆ ನನ್ನ ಕಡೆ ಸರಿಬೇಕು. ಅಷ್ಟೇ. ಅವ್ಳು ಅವ್ನನ್ನೇ ನೋಡ್ತಿರ್ತಾಳಲ್ಲ, ಅವ್ನು ಸರಿದ್ರೆ ಅವ್ಳ ಮುಖ ತಾನಾಗೇ ನನ್ನ ಕಡೆ ತೆರ್ಕೊಳ್ಳುತ್ತೆ. ಮಂಡಿಯೂರುವಾಗ ಕ್ಯಾಮೆರಾ ಕಡೆಯ ಮಂಡಿ ನೆಲಕ್ಕೆ ಬರ್ಬೇಕು, ಇಲ್ಲಾಂದ್ರೆ ಎತ್ತಿದ ಮೊಣಕಾಲು ರಿಂಗ್‌ಗೇ ಅಡ್ಡ ಬರುತ್ತೆ. ಬಾಕ್ಸು ಎದೆ ಮಟ್ಟದಲ್ಲಿ ಇರ್ಲಿ, ತುಂಬಾ ಜನ ಆರತಿ ತಟ್ಟೆ ಥರ ಮುಖದ ಮುಂದೆ ಎತ್ತಿ ಹಿಡಿತಾರೆ. ಬಾಕ್ಸನ್ನ ತಲೆಕೆಳಗಾಗಿ ತೆಗೆಯೋರೂ ಇದಾರೆ, ನಡುಗೋ ಕೈ, ಬಯ್ಯೋಕೂ ಆಗಲ್ಲ.

ಇನ್ನೊಂದು ಗುಟ್ಟು ಹೇಳ್ತೀನಿ. ಎಲ್ರೂ ಅವ್ಳು "ಹ್ಞೂಂ" ಅಂದ ಫೋಟೋ ಬೇಕು ಅಂತಾರೆ. ಆ ಹೊತ್ತಿಗೆ ನೂರಕ್ಕೆ ಎಂಬತ್ತು ಜನ ಎರಡೂ ಕೈಲಿ ಮುಖ ಮುಚ್ಕೊಂಡಿರ್ತಾರೆ, ಫೋಟೋದಲ್ಲಿ ಬರೀ ಬಳೆ ಕಾಣುತ್ತೆ. ಒಳ್ಳೆ ಫ್ರೇಮ್ ಇರೋದು ಅದಕ್ಕಿಂತ ಎರಡು ಸೆಕೆಂಡ್ ಮುಂಚೆ. ಅವ್ನ ಮೊಣಕಾಲು ಬಗ್ಗೋಕೆ ಶುರುವಾದಾಗ ಅವ್ಳು ಮೊದ್ಲು ಅವ್ನಿಗೆ ಕಾಲು ಜಾರ್ತು ಅನ್ಕೊಳ್ತಾಳೆ, ಹಿಡ್ಕೊಳ್ಳೋಕೆ ಕೈ ಮುಂದೆ ಬರುತ್ತೆ, ಕಣ್ಣು ಅವ್ನ ಮುಖದಿಂದ ಕೆಳಗೆ ಇಳಿಯುತ್ತೆ, ಹುಬ್ಬು ಗಂಟಾಗುತ್ತೆ, ಆಮೇಲೆ ಆ ಗಂಟು ಬಿಚ್ಚುತ್ತೆ. ಗಂಟು ಬಿಚ್ಚೋ ಆ ಚೂರು ಹೊತ್ತಿಗಾಗಿ ನಾನು ಎರಡು ಗಂಟೆ ಬಂಡೆ ಮೇಲೆ ಕೂತಿರ್ತೀನಿ. ಅದಕ್ಕೇ ಅವ್ನು ಜೇಬು ಮುಟ್ಟಿದ ತಕ್ಷಣ ಬರ್ಸ್ಟ್, ಅಂದ್ರೆ ಪಟಪಟ ಅಂತ ಸಾಲಾಗಿ ಫೋಟೋ, ಶುರು ಮಾಡ್ತೀನಿ, ಶಟರ್ ಸ್ಪೀಡ್ 1/500 ಸೆಕೆಂಡಿಗಿಂತ ನಿಧಾನ ಮಾಡಲ್ಲ, ಸೌಂಡ್ ಆಫ್, ಎರಡೂ ಮೆಮೊರಿ ಕಾರ್ಡಿಗೆ ಒಟ್ಟಿಗೆ ಬರೆಯೋ ಹಂಗೆ ಸೆಟ್ಟಿಂಗ್. ಮದುವೇಲಿ ತಾಳಿ ಕಟ್ಟೋದು ಮಿಸ್ ಆದ್ರೆ ಇನ್ನೊಂದ್ಸಲ ಕೈ ಇಟ್ಕೊಳ್ಳಿ ಸಾರ್ ಅಂತ ಹೇಳೋ ಫೋಟೋಗ್ರಾಫರ್‌ಗಳನ್ನ ನೋಡಿದೀನಿ, ಇಲ್ಲಿ ಅದು ನಡೆಯಲ್ಲ.

ಸಿಗ್ನಲ್‌ಗೆ ಫೋನ್ ನಂಬ್ಬೇಡಿ, ಜನ ಜಾಸ್ತಿ ಇದ್ದಾಗ ನೆಟ್‌ವರ್ಕ್ ಸಿಗಲ್ಲ, ಸಿಕ್ರೂ ಅವ್ಳು ಪಕ್ಕದಲ್ಲೇ ಇರ್ತಾಳೆ. ನಾನು ಕೆಂಪು ಟೋಪಿ ಹಾಕಿರ್ತೀನಿ, ತಲೆ ಮೇಲಿದ್ರೆ ಸ್ವಲ್ಪ ತಡಿ, ತೆಗೆದು ಪಕ್ಕಕ್ಕಿಟ್ರೆ ರೆಡಿ. ನನ್ನ ನಂಬರನ್ನ ಮೆಕ್ಯಾನಿಕ್ ಅಂತಾನೋ ಕ್ಯಾಬ್ ಡ್ರೈವರ್ ಅಂತಾನೋ ಸೇವ್ ಮಾಡ್ಕೊಳ್ಳೋಕೆ ಹೇಳ್ತೀನಿ, ಅಡ್ವಾನ್ಸ್ ಹಾಕುವಾಗ ಫೋನ್ ಅವ್ಳ ಕೈಲಿ ಇರ್ಬಾರ್ದು. ಅವ್ಳ ತಂಗಿನೋ ಫ್ರೆಂಡೋ ಒಬ್ರು ಗುಟ್ಟಲ್ಲಿ ಸೇರಿರ್ಲೇಬೇಕು, ರಿಂಗ್ ಸೈಜಿಗೂ ಬೇಕು, ಆ ದಿನ ಒಳ್ಳೆ ಬಟ್ಟೆ ಹಾಕ್ಸೋಕೂ ಬೇಕು. ಇಲ್ಲಾಂದ್ರೆ ಆಮೇಲೆ ಫೋಟೋ ನೋಡಿ "ಥೂ, ಈ ಹಳೇ ಟಾಪಲ್ಲಿ ಬಂದ್ನಲ್ಲ" ಅಂತ ಅವ್ಳು ಜನ್ಮಪೂರ್ತಿ ಅವ್ನಿಗೆ ಅಂತಾಳೆ, ಅವ್ನು ನಂಗೆ ಅಂತಾನೆ.

ಅನುಮತಿ ಬಗ್ಗೆ ಚುಟುಕಾಗಿ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡೋಕೆ, ದುಡ್ಡಿನ ಕೆಲ್ಸದ ಶೂಟಿಂಗ್‌ಗೆ ಪುರಾತತ್ವ ಇಲಾಖೆ ಪರ್ಮಿಷನ್ ಬೇಕು, ಮುಂಚೆನೇ ಅರ್ಜಿ ಹಾಕಿ. ಡ್ರೋನ್ 250 ಗ್ರಾಮಿನ ಒಳಗಿದ್ರೆ ಪೈಲಟ್ ಲೈಸೆನ್ಸ್ ಬೇಡ ನಿಜ, ಹಂಗಂತ ಗುಡಿ ಮೇಲೆ ಹಾರಿಸ್ಬಹುದು ಅಂತಲ್ಲ. ಅದೂ ಅಲ್ದೆ ತಲೆ ಮೇಲೆ ಜೇನುಗೂಡು ಥರ ಗುಂಯ್‌ಗುಟ್ಟೋದು ಬಂದು ನಿಂತ್ರೆ ಎಲ್ಲಿಯ ಸರ್ಪ್ರೈಸು. ಹೂವಿನ ಎಸಳು, ಬಲೂನು, ಕೇಕು ಬೇಡವೇ ಬೇಡ, ಕಸ ಅನ್ನೋದು ಒಂದು ಕಡೆ, ಕೋತಿ ಇನ್ನೊಂದು ಕಡೆ. ಹಂಪಿ ಕೋತಿಗೆ ಪ್ಲಾಸ್ಟಿಕ್ ಕವರ್ ಸದ್ದು ಕೇಳಿದ್ರೆ ಸಾಕು. ಬೊಕೆ ಕಿತ್ಕೊಂಡು ಗುಡಿ ಶಿಖರದ ಮೇಲೆ ಕೂತು ಒಂದೊಂದೇ ಗುಲಾಬಿ ಬಿಡಿಸಿ ತಿಂದಿದ್ದನ್ನ ನಾನೇ ತೆಗೆದಿದೀನಿ, ಆ ಜೋಡಿ ಅದನ್ನೇ ಫ್ರೇಮ್ ಹಾಕ್ಸಿದಾರೆ.

ಬೇರೆ ಜಾಗಗಳಿಗೂ ಕರೀತಾರೆ. ಮುಳ್ಳಯ್ಯನಗಿರಿ ಮಳೆಗಾಲದಲ್ಲಿ ಬೇಡ, ಮಂಜಲ್ಲಿ ಪಕ್ಕದಲ್ಲಿರೋ ಹುಡ್ಗಿನೇ ಕಾಣಲ್ಲ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿನೇ ಇರಲ್ಲ.

ಪ್ರಪೋಸ್ ಆದ್ಮೇಲೆ ನಾನು ತಕ್ಷಣ ಅವ್ರ ಹತ್ರ ಓಡಿ ಹೋಗಲ್ಲ. ಹತ್ತು ನಿಮಿಷ ಅವ್ರ ಪಾಡಿಗೆ ಬಿಡ್ತೀನಿ, ಅಳೋದು, ಅಮ್ಮನಿಗೆ ಫೋನ್ ಮಾಡೋದು, ಅಮ್ಮ "ನಂಗೆ ಮೊದ್ಲೇ ಗೊತ್ತಿತ್ತು ಕಣೇ" ಅನ್ನೋದು ಎಲ್ಲಾ ಮುಗೀಲಿ. ಆಮೇಲೆ ಹೋಗಿ ಹೆಸ್ರು ಹೇಳಿ, ಮೊದ್ಲು ಕ್ಯಾಮೆರಾ ಕೊಡೋದು ಹುಡ್ಗಿ ಕೈಗೆ. ಅವ್ಳಿಗೆ ಗೊತ್ತಿಲ್ದೆ ತೆಗೆದಿದ್ದು, ಹಾಗಾಗಿ ಯಾವುದು ಇರ್ಬೇಕು ಯಾವುದು ಬೇಡ, ಇನ್‌ಸ್ಟಾಗ್ರಾಮಿಗೆ ಹಾಕ್ಬಹುದಾ ಅನ್ನೋದು ಅವ್ಳೇ ಹೇಳ್ಬೇಕು. ದುಡ್ಡು ಕೊಟ್ಟೋನು ಅವ್ನಾದ್ರೂನೂ.

ಹೋದ ಚಳಿಗಾಲದಲ್ಲಿ ಮೊದಲ ಸಲ ಒಬ್ಳು ಹುಡ್ಗಿ ಬುಕ್ ಮಾಡಿದ್ಳು, ದಾವಣಗೆರೆಯವ್ಳು, "ಅಣ್ಣಾ, ನಾನೇ ಕೇಳೋಳು, ಅವ್ನಿಗೆ ಗೊತ್ತಾಗ್ಬಾರ್ದು" ಅಂತ. ನಂಗೆ ಪಂಪೆ ಕಥೆ ನೆನಪಾಗಿ ಖುಷಿಯಾಯ್ತು. ಎಲ್ಲಾ ಉಲ್ಟಾ ಲೆಕ್ಕ ಹಾಕ್ದೆ, ಈ ಸಲ ಅವ್ನ ಮುಖ ಮುಖ್ಯ, ಅವ್ಳು ಅರ್ಧ ಹೆಜ್ಜೆ ನನ್ನ ಕಡೆ ಸರಿಬೇಕು, ಸೀರೆ ಉಟ್ಟು ಮಂಡಿಯೂರೋದು ಹೆಂಗೆ ಅಂತ ಫೋನಲ್ಲೇ ಅರ್ಧ ಗಂಟೆ ಮಾತಾಡಿದ್ವಿ. ಟೋಪಿ ತೆಗೆದಿಟ್ಟೆ. ಅವ್ಳು ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಕೂತ್ಳು. ಆ ಹುಡುಗ ಒಂದ್ನಿಮಿಷ ಕಂಬದಂಗೆ ನಿಂತ, ಆಮೇಲೆ ತಾನೂ ದಪ್ ಅಂತ ಅವ್ಳೆದುರಿಗೆ ಮಂಡಿಯೂರಿ, ತನ್ನ ಜಾಕೆಟ್ ಜೇಬಿಂದ ಒಂದು ಬಾಕ್ಸ್ ತೆಗೆದ, ಅವ್ನೂ ಅವತ್ತೇ ಕೇಳೋಣ ಅಂತ ತಂದಿದ್ನಂತೆ. ಇಬ್ರೂ ಕೂತಿದಾರೆ, ಇಬ್ರ ಕೈಲೂ ಬಾಕ್ಸು, ಇಬ್ರೂ ಒಟ್ಟಿಗೆ ಮಾತಾಡ್ತಿದಾರೆ. ನಾನು ಹಾಕಿದ್ದ ಲೆಕ್ಕ ಒಂದೂ ಉಪಯೋಗಕ್ಕೆ ಬರ್ಲಿಲ್ಲ, ಕಂಬ ಬಿಟ್ಟು ಎದ್ದು ಓಡಿದೆ, ನನ್ನ ನೆರಳು ಅವ್ರಿಬ್ರ ಮೇಲೇ ಬಿತ್ತು, ಇಬ್ರೂ ತಿರುಗಿ ನೋಡ್ಲಿಲ್ಲ.