ಶುಗರ್ ಜೀನನ್ನು ಕಿತ್ತು ಹಾಕಿಸಬಹುದೇ?

ಪ್ರಶ್ನೆ: ಅಜ್ಜನಿಗೆ, ಅಪ್ಪನಿಗೆ ಇದ್ದ ಟೈಪ್ 2 ಸಕ್ಕರೆ ಕಾಯಿಲೆ ಈಗ ನನಗೂ ಬಂದಿದೆ. ಜೀನ್ ಚಿಕಿತ್ಸೆ ಬಂದರೆ ಆ ಶುಗರ್ ಜೀನನ್ನೇ ತೆಗೆಸಿಬಿಡಬಹುದಲ್ಲವೇ?

ಉತ್ತರ: ತೆಗೆಸಲು ಅಂಥದೊಂದು ಜೀನ್ ಇದ್ದರೆ ತಾನೇ? ಹೆಸರು, ಊರು ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹುಳುಕು ಹಲ್ಲಿನಂತೆ ಎಲ್ಲೋ ಒಂದು ಜೀನ್ ಕೂತಿದೆ, ಕಿತ್ತರೆ ಪೀಡೆ ತೊಲಗಿತು ಎಂಬ ನಂಬಿಕೆ ಅಷ್ಟು ಗಟ್ಟಿ. ಟೈಪ್ 2ರಲ್ಲಿ ನೂರಾರು ಜೀನ್‌ಗಳ ಕೈವಾಡವಿದೆ, ಒಂದೊಂದರ ಪಾಲೂ ಚಿಟಿಕೆಯಷ್ಟು. ಯಾವುದನ್ನು ಕೀಳುತ್ತೀರಿ? ಅವಕ್ಕೆಲ್ಲ ದೇಹದಲ್ಲಿ ಬೇರೆ ಕೆಲಸಗಳೂ ಇವೆ. ಮೇಲಾಗಿ, ಅಜ್ಜನಿಂದ ನಿಮಗೆ ಇಳಿದು ಬಂದದ್ದು ಜೀನ್ ಮಾತ್ರವೇ? ಅಡುಗೆಮನೆಯ ರೂಢಿಯೂ ಬಂದಿದೆ. ಒಂದೇ ಜೀನಿನ ದೋಷದಿಂದ ಬರುವ ‘ಮೋಡಿ’ ಎಂಬ ಮಧುಮೇಹವೂ ಇದೆ, ಒಪ್ಪಿದೆ. ಆದರೆ ಅದು ಅಪರೂಪ, ಅದರ ಕೆಲವು ಬಗೆಗಳಿಗೆ ಹಳೆಯ ಸಲ್ಫೊನಿಲ್ಯೂರಿಯಾ ಮಾತ್ರೆಯೇ ಸಾಕು.

ಸಂಶೋಧಕರು ಮಾಡುತ್ತಿರುವುದು ತೆಗೆಯುವ ಕೆಲಸವಲ್ಲ, ಸೇರಿಸುವ ಕೆಲಸ. 2018ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಂಡವೊಂದು ಪಿಡಿಎಕ್ಸ್1, ಮಾಫ್‌ಎ ಎಂಬ ಎರಡು ಜೀನ್‌ಗಳನ್ನು ರೋಗ ತರದ ವೈರಸ್ಸಿನ ಮೇಲೆ ಹೊರಿಸಿ, ಇಲಿಗಳ ಮೇದೋಜ್ಜೀರಕ ಗ್ರಂಥಿಯ ನಾಳದೊಳಗೆ ಬಿಟ್ಟಿತು. ಅದುವರೆಗೆ ರಕ್ತದ ಸಕ್ಕರೆ ಏರಿಸುವ ಗ್ಲುಕಗಾನ್ ಎಂಬ ಹಾರ್ಮೋನು ತಯಾರಿಸುತ್ತಿದ್ದ ಆಲ್ಫಾ ಕೋಶಗಳು ಕಸುಬು ಬದಲಿಸಿ ಇನ್ಸುಲಿನ್ ತಯಾರಿಸತೊಡಗಿದವು! ಟೈಪ್ 1ನ್ನು ಹೋಲುವ ಕಾಯಿಲೆಯಿದ್ದ ಇಲಿಗಳ ಸಕ್ಕರೆ ಸುಮಾರು ನಾಲ್ಕು ತಿಂಗಳು ಹದದಲ್ಲಿತ್ತು, ಆಮೇಲೆ ಮತ್ತೆ ಏರಿತು. ಟೈಪ್ 1ರಲ್ಲಿ ಇನ್ಸುಲಿನ್ ಕೋಶಗಳನ್ನು ಕೊಲ್ಲುವುದು ದೇಹದ ರಕ್ಷಣಾ ವ್ಯವಸ್ಥೆಯೇ. ಹೊಸ ಕೋಶಗಳನ್ನು ಬೆಳೆಸಿದರೂ ಕಾವಲುಗಾರ ಹಳಬನೇ ತಾನೇ? ಇನ್ನು ಟೈಪ್ 2ರ ಪಾಡು ಬೇರೆ: ಅಲ್ಲಿ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ಹಾಗಾಗಿ ಕೋಶ ಬೆಳೆಸುವ ಚಿಕಿತ್ಸೆ ಮೊದಲು ಎದುರು ನೋಡುತ್ತಿರುವುದು ಟೈಪ್ 1ರವರನ್ನು. ನೀವು ಮಾತ್ರೆ ಬಿಡಬೇಡಿ.

‘ಮೈಗೆ ಜೀನ್ ಸೇರಿಸುವುದೇ, ಅಬ್ಬಾ’ ಎಂದು ಹುಬ್ಬೇರಿಸುವವರಿಗೆ, ಕೇಳದಿದ್ದರೂ ಒಂದು ಮಾತು. ಮೊದಲೆಲ್ಲ ಇನ್ಸುಲಿನ್ ತೆಗೆಯುತ್ತಿದ್ದುದು ಹಂದಿ, ದನಗಳ ಮೇದೋಜ್ಜೀರಕದಿಂದ. 1978ರಲ್ಲಿ ಮನುಷ್ಯರ ಇನ್ಸುಲಿನ್ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅದರಿಂದಲೇ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪರವಾನಗಿಯೂ ಸಿಕ್ಕಿತು. ಇಂದು ಹಾಲಿನ ಪಾತ್ರೆಯ ಪಕ್ಕ, ಫ್ರಿಜ್ಜಿನ ಬಾಗಿಲಲ್ಲಿ ತಣ್ಣಗೆ ಕೂತಿರುವ ಸೀಸೆ ಅದೇ ವಂಶದ್ದು.